ಎಲೆ ಮಾದಯ್ಯನ ಇನ್ನೂರ ಹದಿನಾಲ್ಕು ಏಟುಗಳು

ನಂಜನಗೂಡಿನಲ್ಲಿ ಸೂರ್ಯ ತನ್ನಿಷ್ಟಕ್ಕೆ ತಾನೇ ಹುಟ್ಟುತ್ತಾನೆ ಎಂದು ನೀವು ನಂಬಿದ್ದರೆ ಅದು ಶುದ್ಧ ತಪ್ಪು. ಚಿಕ್ಕಯ್ಯನಛತ್ರದ ಬಾಳೆತೋಟದಲ್ಲಿ ಮಾದಯ್ಯ ಎಂಬ ಐವತ್ತೆಂಟರ ಮನುಷ್ಯ ಮೊದಲ ದಿಂಡಿಗೆ ಮಚ್ಚು ಹಾಕಬೇಕು. ‘ಚಪ್’ ಎಂಬ ಆ ಸದ್ದು ಮೂಡಲಿಗೆ ಮುಟ್ಟಬೇಕು. ಆಮೇಲೆ ಸೂರ್ಯನಿಗೆ ಏಳಲು ಮನಸ್ಸು ಬರುತ್ತದೆ. ನಾನು ಸುಳ್ಳು ಹೇಳುವವನಲ್ಲ. ಹೇಳಿದರೂ ಸಣ್ಣ ಸುಳ್ಳು ಹೇಳಿ ಅಭ್ಯಾಸವಿಲ್ಲ.

ಈಗ ಐದೂಕಾಲು. ಫೆಬ್ರವರಿಯ ಶನಿವಾರ. ಹುಲ್ಲಿನ ಮೇಲೆ ಬಿದ್ದ ಇಬ್ಬನಿಯಲ್ಲಿ ಎರಡು ಕೆರೆ ತುಂಬಿಸಬಹುದು. ನಾನೂರು ಬಾಳೆಲೆ ಆಗಲೇ ಕೊಯ್ದು, ಸುತ್ತಿ, ಸೈಕಲ್ಲಿನ ಕ್ಯಾರಿಯರ್ ಮೇಲೆ ಕುಳಿತಿವೆ. ಮಾದಯ್ಯ ಮಾತ್ರ ಹೊರಟಿಲ್ಲ. ಗೊನೆ ಇಳಿಸಿ ಬೋಳಾಗಿ ನಿಂತ ಮರಗಳ ನಡುವೆ ವಾರ್ಡಿನಲ್ಲಿ ಡಾಕ್ಟರು ಸುತ್ತುವ ಹಾಗೆ ಸುತ್ತುತ್ತಿದ್ದಾರೆ. ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟುತ್ತಾರೆ, ಕಿವಿ ಇಡುತ್ತಾರೆ, ತಲೆ ಅಲ್ಲಾಡಿಸುತ್ತಾರೆ.

“ಇದು ನೀರು ಜಾಸ್ತಿ ಕುಡ್ದದೆ ಸಾ. ಕಡುದ್ರೆ ಪಚಕ್ ಅಂತದೆ. ಪಚಕ್ ಅಂದ್ರೆ ಕಳ್ಳ ನನ್ಮಕ್ಳು ಸಾಯೋ ಸದ್ದು. ದೊಡ್ಡ ಮನ್ಸ ಬೀಳೋದ್ಕೆ ಚಪ್ ಅನ್ಬೇಕು. ಒಂದೇ ಸಲ. ಎಳೀಬಾರ್ದು.”

ಕೊನೆಗೆ ಬೇಲಿಯಂಚಿನಲ್ಲಿ ಒಂಟಿಯಾಗಿ ನಿಂತಿದ್ದ ರಸಬಾಳೆಯ ಮರವೊಂದು ಅವರ ಕಿವಿಗೆ ಒಪ್ಪುತ್ತದೆ. ರೋಗ ಬಂದು ಈ ಸೀಮೆಯ ರಸಬಾಳೆ ತೋಟಗಳು ಕರಗಿಹೋದ ಮೇಲೆ, ಅಂಥ ಒಂದು ಮರ ಸಿಗುವುದು ಕಪಿಲೆಯಲ್ಲಿ ತಿಮಿಂಗಿಲ ಸಿಕ್ಕ ಹಾಗೆ. ಮಾದಯ್ಯ ಅದನ್ನು ಎರಡು ಕೈಯಲ್ಲಿ ಅಪ್ಪಿಕೊಂಡು, “ನಾಳೀಕೆ ನೀನೇ ಕಣವ್ವ,” ಅನ್ನುತ್ತಾರೆ.

ನಾಳೆ ಭಾನುವಾರ. ಬೆಳಿಗ್ಗೆ ಹತ್ತು ಗಂಟೆಗೆ ಈ ಮರ ಒಬ್ಬ ಜಪಾನಿನ ಕತ್ತಿವೀರನ ಕೊನೆಯ ಯುದ್ಧದಲ್ಲಿ ಪ್ರಾಣ ಕೊಡಲಿದೆ.

ನಂಜನಗೂಡಿನಲ್ಲಿ ಕೇಬಲ್ ಕನೆಕ್ಷನ್ ಇರುವ ಯಾವ ಮನೆಯ ಬಾಗಿಲನ್ನು ಬೇಕಾದರೂ ತಟ್ಟಿ, ಜುಟ್ಟಿನಯ್ಯ ಯಾರು ಎಂದು ಕೇಳಿ. ಹಾಲು ಕುಡಿಯುವ ಕೂಸು ಬಾಯಿಂದ ಮೊಲೆ ಬಿಡಿಸಿಕೊಂಡು ಉತ್ತರ ಹೇಳುತ್ತದೆ. ಊರಿನ ಕೇಬಲ್ ಆಪರೇಟರ್ ರುದ್ರೇಶ್ ತನ್ನ ಲೋಕಲ್ ಚಾನೆಲ್ಲಿನಲ್ಲಿ ಒಂಬತ್ತು ವರ್ಷದಿಂದ ಒಂದು ಚಿತ್ರ ಹಾಕುತ್ತಿದ್ದಾರೆ. ಪ್ರತಿ ತಿಂಗಳ ಮೊದಲ ಭಾನುವಾರ, ಬೇಸಿಗೆ ರಜೆಯಲ್ಲಿ ಎಲ್ಲ ಭಾನುವಾರ. ಕೈಯಲ್ಲಿ ಬರೆದ ಬೊಂಬೆಗಳು ಓಡಾಡುವ ಚಿತ್ರ. ನೆತ್ತಿಯ ಮೇಲೆ ಜುಟ್ಟು ಕಟ್ಟಿದ, ಸೊಂಟದಲ್ಲಿ ಎರಡು ಕತ್ತಿ ಸಿಕ್ಕಿಸಿದ, ಹೆಸರು ಗೊತ್ತಿಲ್ಲದ ಒಬ್ಬ ಸಮುರಾಯ್ ಊರೂರು ಅಲೆಯುತ್ತಾನೆ, ಬಡವರನ್ನು ಕಾಯುತ್ತಾನೆ, ಕೆಟ್ಟವರನ್ನು ತರಿಯುತ್ತಾನೆ. ಅವನು ಕತ್ತಿ ಬೀಸಿದರೆ ಮಳೆಹನಿ ಎರಡು ಹೋಳಾಗಿ ಬೀಳುತ್ತದೆ. ಒಂದು ಸೇತುವೆಯ ಮೇಲೆ ನಲವತ್ತು ಜನರ ಜೊತೆ ಒಬ್ಬನೇ ಕಾದಾಡುತ್ತಾನೆ. ಆ ಕಾದಾಟ ನೋಡುತ್ತಾ ನಂಜನಗೂಡಿನ ಹೆಂಗಸರು ಸಾರು ಸೀಯಿಸಿದ ಲೆಕ್ಕ ಹಿಡಿದರೆ, ಆ ಸಾರಿನಲ್ಲಿ ಮೈಸೂರು ಜಿಲ್ಲೆಗೆ ಒಂದು ವಾರ ಉಣ್ಣಿಸಬಹುದಿತ್ತು.

ಆದರೆ ಆ ಕತ್ತಿಯ ಸದ್ದು ಎಲ್ಲಿಂದ ಬರುತ್ತದೆ ಎಂದು ಮಾತ್ರ ಯಾರಿಗೂ ಗೊತ್ತಿಲ್ಲ. ಜಪಾನಿನಿಂದ ಎಂದುಕೊಂಡಿದ್ದಾರೆ. ಅದು ಬರುವುದು ರುದ್ರೇಶನ ಕಂಟ್ರೋಲ್ ರೂಮಿನ ನೆಲದ ಮೇಲೆ ಗೋಣಿತಾಟು ಹಾಸಿಕೊಂಡು ಕುಳಿತ, ಆ ನೋಡುವವರ ಮನೆಗೇ ದಿನಾ ಎಲೆ ಹಾಕುವ ಮಾದಯ್ಯನಿಂದ.

ಕತೆ ಶುರುವಾಗಿದ್ದು ತೊಂಬತ್ತೇಳರ ಏಪ್ರಿಲ್‌ನಲ್ಲಿ. ರುದ್ರೇಶ್ ಮೈಸೂರಿನಿಂದ ಹಳೆಯ ವಿಡಿಯೊ ಕ್ಯಾಸೆಟ್ಟುಗಳ ಒಂದು ಮೂಟೆ ತಂದಿದ್ದರು. ಅದರಲ್ಲಿ ಇದೊಂದಿತ್ತು. ಚಿತ್ರ ಕನ್ನಡಿಯಂತೆ ಸ್ವಚ್ಛ, ಸದ್ದು ಮಾತ್ರ ಬೂಷ್ಟು ತಿಂದು ಬರೀ ‘ಸೊಯ್’. ಎಸೆಯಲು ಮನಸ್ಸಿಲ್ಲ, ಹಾಕಲು ಧೈರ್ಯವಿಲ್ಲ. ಅದೇ ವಾರ ಮನೆಯ ಗೃಹಪ್ರವೇಶಕ್ಕೆ ಬಾಳೆಕಂಬ ಹೇಳಲು ತೋಟಕ್ಕೆ ಹೋಗಿದ್ದಾಗ, ಮಾದಯ್ಯ ಒಂದು ದಿಂಡು ಕಡಿದರು.

“ನಂಗೆ ಮೈ ಜುಮ್ ಅಂತು,” ಎನ್ನುತ್ತಾರೆ ರುದ್ರೇಶ್. “ಕಣ್ಮುಚ್ಕೊಂಡು, ಇನ್ನೊಂದ್ಸಲ ಕಡಿ ಮಾದಣ್ಣ ಅಂದೆ. ಕಡಿದ್ರು. ಇನ್ನೊಂದು ಅಂದೆ. ಆರು ಮರ ಕಡಿಸ್ಬಿಟ್ಟೆ. ತೋಟದ ಓನರ್ ದೊಣ್ಣೆ ತಗೊಂಡ್ ಬಂದ್ರು ನೋಡಿ, ಆಗ ನಿಲ್ಸಿದ್ದು.”

ಅಂದಿನಿಂದ ಮಾದಯ್ಯನ ಭಾನುವಾರಗಳು ಜಪಾನಿಗೆ ಸೇರಿದವು. ಮಾಂಸಕ್ಕೆ ಬಾಳೆದಿಂಡು. ಮೂಳೆಗೆ ಬನ್ನೂರಿನ ಕಬ್ಬು, ಅದೂ ಗೆಣ್ಣಿರುವ ಕಡೆ ಮುರಿಯಬೇಕು. ಕತ್ತಿಗೆ ಕತ್ತಿ ತಾಗಿದರೆ ಕುಡುಗೋಲಿಗೆ ಹಳೆಯ ನೇಗಿಲಿನ ಗುಳ. ಒರೆಯಿಂದ ಕತ್ತಿ ಎಳೆದರೆ ಹಿತ್ತಾಳೆ ಬಿಂದಿಗೆಯ ಕಂಠದ ಮೇಲೆ ಎಲೆ ಕೊಯ್ಯುವ ಚಾಕು. ಗಾಳಿಗೆ ಮೊರ. ಕುದುರೆ ಬಂದರೆ ಬೀಸುವ ಕಲ್ಲಿನ ಮೇಲೆ ಎರಡು ಪಾವು ಬೋರಲಾಗಿ ಕುಣಿಯುತ್ತವೆ. ರಕ್ತ ಚಿಮ್ಮುವುದಕ್ಕೆ ಗೋಲಿ ಸೋಡಾ. ಮಾದಯ್ಯ ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟಿದವರಲ್ಲ, ಕೊರಳಲ್ಲಿ ಲಿಂಗ ಇದೆ. ಭೂಮಂಡಲದಲ್ಲಿ ಅಪ್ಪಟ ಸಸ್ಯಾಹಾರಿ ಯುದ್ಧ ನಡೆದಿರುವುದು ನಂಜನಗೂಡಿನಲ್ಲಿ ಮಾತ್ರ.

ಚಿತ್ರ ಒಂದು ಗಂಟೆ ನಲವತ್ತು ನಿಮಿಷದ್ದು. ಅಷ್ಟರಲ್ಲಿ ಮಾದಯ್ಯನ ಕೈ ಹತ್ತು ಸಾವಿರ ಸಲ ಬೀಸುತ್ತದೆ ಎಂದು ನಾನು ಬರೆದುಕೊಳ್ಳುತ್ತಿದ್ದೆ. ಅವರು ಇಣುಕಿ ನೋಡಿದರು.

“ಇಲ್ಲ ಸಾ. ಇನ್ನೂರ ಅದ್ನಾಕು ಏಟು. ಸೇತ್ವೆ ಮ್ಯಾಲೆ ಎಂಬತ್ತೊಂದು. ಒಂದು ಎಚ್ಚೂ ಇಲ್ಲ, ಕಮ್ಮೀನೂ ಇಲ್ಲ.”

ಬಲ ಭುಜ ಮೇಲೇಳದೆ ಮೂರು ವರ್ಷವಾಗಿದೆ. ತಲೆ ಬಾಚಲು ಎಡಗೈ. ಎಡಗೈಯ ತೋರುಬೆರಳ ತುದಿ ತೊಂಬತ್ತೊಂಬತ್ತರಲ್ಲಿ, ಸೇತುವೆಯ ಅರವತ್ತನೆಯ ಏಟಿನಲ್ಲಿ ಹೋಯಿತು. ಮೈಕ್ ತೆರೆದಿತ್ತು. ಮಾದಯ್ಯ ಉಸಿರೆತ್ತಲಿಲ್ಲ, ಹಲ್ಲು ಕಚ್ಚಿ ಉಳಿದ ಇಪ್ಪತ್ತೊಂದು ಏಟು ಮುಗಿಸಿ ಆಮೇಲೆ ಆಸ್ಪತ್ರೆಗೆ ಹೋದರು. “ಅಲ್ಲಿ ಜುಟ್ಟಿನಯ್ಯ ಒಬ್ಬನೇ ನಲವತ್ತು ಜನದ್ ಮಧ್ಯ ನಿಂತವ್ನೆ. ನಾನ್ ಎದ್ದೋದ್ರೆ ಅವ್ನ್ ಕೈಲಿ ಬರೀ ಕಡ್ಡಿ ಇದ್ದಂಗಾಯ್ತದೆ ಅಲ್ವ ಸಾ?”

ರುದ್ರೇಶ್ ಒಮ್ಮೆ ಎಲ್ಲ ಸದ್ದನ್ನೂ ಕ್ಯಾಸೆಟ್ಟಿಗೆ ತುಂಬಿ ಹಾಕಿ ನೋಡಿದರು. ಮಾದಯ್ಯನೇ ಬೇಡವೆಂದರು. ನಿನ್ನೆಯ ದಿಂಡು ಇವತ್ತಿನ ಯುದ್ಧಕ್ಕೆ ಆಗಿಬರುವುದಿಲ್ಲವಂತೆ.

ಈಗ ಮಾದಯ್ಯನಿಂದ ಆದ ತಪ್ಪಿನ ವಿಷಯ. ಆ ತಪ್ಪು ನಮ್ಮವರಿಂದ ಬಿಟ್ಟರೆ ಇನ್ಯಾರಿಂದಲೂ ಆಗುವಂಥದಲ್ಲ.

ಕ್ಯಾಸೆಟ್ಟಿನ ಕೊನೆ ಹರಿದಿತ್ತು. ಕೊನೆಯ ಶತ್ರುವನ್ನು ಉರುಳಿಸಿದ ಜುಟ್ಟಿನಯ್ಯ ಒಂದು ಮರದ ಬುಡಕ್ಕೆ ಬಂದು ಕಾಲು ಮಡಚಿ ಕೂರುತ್ತಾನೆ. ಕತ್ತಿಯನ್ನು ಪಕ್ಕಕ್ಕಿಟ್ಟು ಕಣ್ಣು ಮುಚ್ಚುತ್ತಾನೆ. ಮೇಲಿನಿಂದ ಬೆಳ್ಳಗೆ ಏನೋ ಉದುರತೊಡಗುತ್ತದೆ. ಹೆಗಲ ಮೇಲೆ, ಜುಟ್ಟಿನ ಮೇಲೆ. ಅಲ್ಲಿಗೆ ಟೇಪು ಮುಗಿಯುತ್ತದೆ. ತೊಂಬತ್ತೇಳರಲ್ಲಿ ಮೊದಲ ಸಲ ಇದನ್ನು ನೋಡಿದವರು ಮೂವರು: ರುದ್ರೇಶ್, ಮಾದಯ್ಯ ಮತ್ತು ಬುತ್ತಿ ತಂದಿದ್ದ ಮಾದಯ್ಯನ ಹೆಂಡತಿ ಗುರುಬಸಮ್ಮ. ಗುರುಬಸಮ್ಮ ಸೆರಗು ಬಾಯಿಗೆ ಹಿಡಿದು, “ಅಯ್ಯೋ, ಕೂತಂಗೇ ಓಗ್ಬುಟ್ರಲ್ಲಾ!” ಎಂದುಬಿಟ್ಟರು.

ನಮ್ಮ ಕಡೆಯ ಲಿಂಗವಂತರ ಮನೆಗಳಲ್ಲಿ ಶಿವೈಕ್ಯರಾದವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ, ಕಾಲು ಮಡಚಿ, ಕಣ್ಣು ಮುಚ್ಚಿಸಿ ಕೂರಿಸುತ್ತಾರೆ. ಮಸಣಕ್ಕೆ ಹೂವಿನ ವಿಮಾನದಲ್ಲಿ ಹೋಗುವುದೂ ಕುಳಿತೇ, ಮಣ್ಣಿಗೆ ಸೇರುವುದೂ ಕುಳಿತೇ. ದಾರಿಯುದ್ದಕ್ಕೂ ಮೇಲಿನಿಂದ ಪುರಿ, ಅಂದರೆ ಮಂಡಕ್ಕಿ, ಎರಚುತ್ತಾರೆ, ಬೆಳ್ಳಗೆ. ಕಾಲು ಮಡಚಿ ಕೂತವನು, ಮುಚ್ಚಿದ ಕಣ್ಣು, ಬೀಳುವ ಪುರಿ. ಮೂವರಿಗೂ ಎಳ್ಳಷ್ಟು ಅನುಮಾನ ಬರಲಿಲ್ಲ.

ಮತ್ತೆ, ಮಾದಯ್ಯ ಬರೀ ಎಲೆ ಮಾದಯ್ಯ ಅಲ್ಲ. ಅವರ ಬೀದಿಯಲ್ಲಿ ಯಾರು ತೀರಿಕೊಂಡರೂ ವಿಮಾನದ ಮುಂದೆ ಶಂಖ ಊದುವವರು ಅವರೇ. ಅಪ್ಪನಿಂದ ಬಂದ ಶಂಖ, ಅಪ್ಪನಿಂದ ಬಂದ ಮಾತು: “ಉಸ್ರು ನಿಂತೋರ್ಗೆ ನಮ್ ಉಸ್ರು ಸ್ವಲ್ಪ ಕೊಟ್ಟು ಕಳ್ಸೋದು ಕಣ್ಲಾ ಇದು. ಸುಮ್ನೆ ಆಟಕ್ಕೆ ಊದ್ಬ್ಯಾಡ.” ಆಟಕ್ಕೆ ಎಂದು ಅವರು ಊದಲೂ ಇಲ್ಲ. ದಿಕ್ಕಿಲ್ಲದ ದೇಶದಲ್ಲಿ ಒಬ್ಬನೇ ಕೂತು ಹೋದನಲ್ಲ, ಅವನಿಗೆ ಹಿಂದೆ ಮುಂದೆ ಯಾರಿದ್ದಾರೆ ಎಂದು ಮನಸ್ಸು ತಡೆಯದೆ, ಮೊದಲ ಭಾನುವಾರವೇ ಮನೆಯಿಂದ ಶಂಖ ತಂದು ಉದ್ದಕ್ಕೆ ಊದಿದರು.

ನಂಜನಗೂಡು ಗೊಳೋ ಎಂದಿತು. ಆ ದಿನ ಊರಿನ ಕಣ್ಣೀರು ಸೇರಿ ಕಪಿಲೆ ಸ್ನಾನಘಟ್ಟದ ಎರಡು ಮೆಟ್ಟಿಲು ಏರಿದಳು ಎಂದರೆ ನೀವು ನಂಬಬೇಕಾಗಿಲ್ಲ. ಆದರೆ ದೇವಸ್ಥಾನದ ಹಿಂದಿನ ಬೀದಿಯ ನಿವೃತ್ತ ಟೀಚರ್ ಚಂಪಕ ಅವರ ಮಾತನ್ನು ನಂಬಲೇಬೇಕು. ಆ ಶಂಖ ಕೇಳಿದ ಮೇಲೆ ಚಂಪಕ ಪ್ರತಿ ಸಲ ತಲೆಗೆ ಸ್ನಾನ ಮಾಡುತ್ತಾರೆ.

“ಒಂಬತ್ತು ವರ್ಷ ತಪ್ಪದೆ ತಿಂಗಳು ತಿಂಗಳು ಮನೆಗೆ ಬರೋನು ನೆಂಟನಲ್ಲದೆ ಇನ್ನೇನು?” ಎಂದು ಅವರು ನನ್ನನ್ನೇ ಕೇಳುತ್ತಾರೆ. “ಸತ್ತ ಸುದ್ದಿ ಕಿವಿಗೆ ಬಿದ್ದ ಮೇಲೆ ಸ್ನಾನ ಮಾಡದೆ ಊಟಕ್ಕೆ ಕೂರೋದಕ್ಕೆ ಆಗುತ್ತೇನ್ರೀ?”

ಗುರುಬಸಮ್ಮನಿಗೆ ಇದು ದೊಡ್ಡ ತಮಾಷೆ. “ನಮ್ಗೆ ಸೂತ್ಕ ಗೀತ್ಕ ಇಲ್ಲ ಸಾಮಿ. ಪಾಪ ಅಮ್ಮೋರ್ಗೆ ಅದೆ. ಬೇಸ್ಗೇಲಾದ್ರೂ ಸರಿ, ಈ ಚಳೀಲಿ ಮುದ್ಕಿ ನೆಗಡಿ ತಕ್ಕೊಂಡ್ರೆ ಈ ಜುಟ್ನೋನು ಕಷಾಯ ಕೊಟ್ಟಾನ?”

ಎಷ್ಟು ಸಲ ಚಿತ್ರ ಹಾಕಿದ್ದಾರೋ ಅಷ್ಟು ಸುಣ್ಣದ ಗೆರೆಗಳು ಗುರುಬಸಮ್ಮನ ಅಡುಗೆಮನೆ ಗೋಡೆಯ ಮೇಲಿವೆ. ನಾನು ಎಣಿಸಿದೆ. ನೂರ ಎಪ್ಪತ್ತೊಂದು. ಇದರಲ್ಲಿ ಒಂದು ಗೆರೆಯನ್ನೂ ನಾನು ಹಿಗ್ಗಿಸಿಲ್ಲ, ಯಾಕೆಂದರೆ ಈಗ ಮಾದಯ್ಯನ ನಿದ್ದೆ ಕೆಡಿಸಿರುವುದು ಅದೇ ಸಂಖ್ಯೆ.

ಗುರುಬಸಮ್ಮನ ತವರು ಟಿ. ನರಸೀಪುರ. ತಮ್ಮ ಅಮೃತೇಶ್ ಅಲ್ಲಿನ ಬಸ್‌ಸ್ಟ್ಯಾಂಡ್ ಹತ್ತಿರ ಸಿ.ಡಿ. ಬಾಡಿಗೆ ಕೊಡುವ ಅಂಗಡಿ ಇಟ್ಟಿದ್ದಾರೆ. ತಿಂಗಳಿಗೊಮ್ಮೆ ಬಸ್ಸಿನ ಟಾಪ್ ಮೇಲೆ ಬನ್ನೂರಿನ ಕಬ್ಬು ಏರಿಸಿ ಭಾವನಿಗೆ ಮೂಳೆ ಒದಗಿಸುವವರು ಅವರೇ. ಈ ಜನವರಿಯಲ್ಲಿ ಬೆಂಗಳೂರಿನಿಂದ ಬಂದ ಡಿ.ವಿ.ಡಿ.ಗಳ ರಾಶಿಯಲ್ಲಿ ಅಮೃತೇಶ್ ಒಂದು ಕವರಿನ ಮೇಲೆ ಜುಟ್ಟಿನಯ್ಯನ ಮುಖ ಕಂಡರು. ಹಾಕಿದರು. ಕೊನೆಯವರೆಗೂ ನೋಡಿದರು. ಮರುದಿನ ಮೊದಲ ಬಸ್ಸಿಗೆ ನಂಜನಗೂಡಿಗೆ ಬಂದು, ಚಪ್ಪಲಿ ಕೂಡ ಬಿಡದೆ ಹೊಸ್ತಿಲಲ್ಲಿ ನಿಂತು ಹೇಳಿದರು:

“ಭಾವ, ಜುಟ್ಟಿನಯ್ಯ ಸತ್ತಿಲ್ಲ.”

ಮಾದಯ್ಯ ನಕ್ಕರು. “ಬೆಳಿಗ್ಗೇನೇ ಏನ್ ಸೇವ್ಸಿದ್ಯೊ?”

“ಗುರು ಆಣೆ ಭಾವ. ಅದು ಪುರಿ ಅಲ್ಲ, ಇಮ. ಆ ದೇಸ್ದಲ್ಲಿ ಇಮ ಬೀಳ್ತದೆ. ಅವ್ನು ದಣ್ದು ಕೂತವ್ನೆ ಅಷ್ಟೆ. ಆಮೇಕೆ ಏಳ್ತಾನೆ.”

ಅದೇ ಬಸ್ಸಿಗೆ ಮಾದಯ್ಯ ಟಿ. ನರಸೀಪುರಕ್ಕೆ ಹೊರಟರು. ಅವತ್ತು ನಂಜನಗೂಡಿನ ಹೋಟೆಲುಗಳಿಗೆ ಎಲೆ ಹೋಗಲಿಲ್ಲ. ನಲವತ್ತು ವರ್ಷದಲ್ಲಿ ಮೊದಲ ಸಲ ಗಿರಾಕಿಗಳು ತಟ್ಟೆಯಲ್ಲಿ ಉಂಡು ಎದ್ದರು. ಅಮೃತೇಶನ ಅಂಗಡಿಯ ಹದಿನಾಲ್ಕಿಂಚಿನ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಸ್ಟೂಲ್ ಹಾಕಿಕೊಂಡು ಮಾದಯ್ಯ ಕೊನೆಯ ಮೂರು ನಿಮಿಷವನ್ನು ನೋಡಿದರು. ಜುಟ್ಟಿನಯ್ಯ ಕೂರುತ್ತಾನೆ. ಹಿಮ ಬೀಳುತ್ತದೆ. ಬಹಳ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಕಣ್ಣು ತೆರೆಯುತ್ತಾನೆ. ಮಂಡಿಯ ಮೇಲೆ ಕೈ ಊರುತ್ತಾನೆ. ಎದ್ದು, ಹೆಗಲ ಮೇಲಿನ ಹಿಮ ಒದರಿಕೊಂಡು, ನಡೆದು ಹೋಗುತ್ತಾನೆ.

“ಅನ್ನೆಲ್ಡು ಸಲ ಆಕ್ಸುದ್ರು,” ಎನ್ನುತ್ತಾರೆ ಅಮೃತೇಶ್. “ಪ್ರತಿ ಸಲಾನೂ ಎದ್ದ. ಎದ್ದಾಗೆಲ್ಲ ಭಾವ ಟಿ.ವಿ. ಗಾಜು ಮುಟ್ಟೋರು. ಕೊನೇಗೆ ಅಕ್ಕ ಕೊಟ್ಟಿದ್ದ ಬುತ್ತೀನ ನಂಗೇ ಕೊಟ್ಬುಟ್ಟು, ಸಂಗಮದ್ ಕಡೆ ನಡ್ಕೊಂಡ್ ಓದ್ರು. ಸಂಜೆಗಂಟ ಮೆಟ್ಲು ಮ್ಯಾಲೆ ಕೂತಿದ್ರು.”

ಅವತ್ತು ಏನು ಯೋಚಿಸಿದಿರಿ ಎಂದು ಕೇಳಿದರೆ ಮಾದಯ್ಯ ಕೈಯಲ್ಲಿದ್ದ ಎಲೆಯ ದಂಟನ್ನು ಚಾಕುವಿನಿಂದ ಸವರಿ ಕೆಳಗಿಡುತ್ತಾರೆ.

“ಬದ್ಕಿರೋನ್ ತಲೆ ಮ್ಯಾಲೆ ನೂರ ಎಪ್ಪತ್ತೊಂದು ಸಲ ಸಂಕ ಊದ್ಬುಟ್ಟೆ ಸಾ. ಅವ್ನು ಪಾಪ, ಸುಸ್ತಾಗಿ ಒಂದ್ಗಳಿಗೆ ಕೂತ್ಕಂಡ. ನಾನು ಊರ್ಗೆಲ್ಲ ಸತ್ತ ಅಂತ ಸಾರ್ಬುಟ್ಟೆ. ಇನ್ಮೇಕೆ ಸತ್ತೋರ್ಗೆ ಊದುದ್ರೆ ಅದು ಸತ್ಯ ಅಂತ ಯಾರ್ ನಂಬ್ತಾರೆ?”

ಇದು ಬಾಯಿಮಾತಲ್ಲ. ಜನವರಿ ಕೊನೆಗೆ ಅವರ ಬೀದಿಯ ಹಿರಿಯ ಬೆಟ್ಟಯ್ಯ ತೀರಿಕೊಂಡರು. ವಿಮಾನ ಸಿಂಗಾರವಾಯಿತು, ಜನ ಸೇರಿದರು, ಮಾದಯ್ಯ ಶಂಖ ಬಾಯಿಗಿಟ್ಟರು. ಬರೀ ಗಾಳಿ. ಮೂರು ಸಲ ಪ್ರಯತ್ನಿಸಿದರು. ಮೂರು ಸಲವೂ ಸದ್ದಿಲ್ಲ. ನಂಜನಗೂಡಿನಿಂದ ಊದಿದರೆ ನರಸೀಪುರದ ಎತ್ತುಗಳು ಕಿವಿ ನಿಮಿರಿಸುತ್ತಿದ್ದ ಎದೆ ಅದು. ಬೆಟ್ಟಯ್ಯ ಆ ಬೀದಿಯಿಂದ ಶಂಖವಿಲ್ಲದೆ ಹೊರಟ ಮೊದಲ ಮನುಷ್ಯನಾದರು.

“ಮನೇಗ್ ಬಂದು ಸಂಕನ ಬಟ್ಟೇಲಿ ಸುತ್ತಿ ಅಟ್ಟದ ಮ್ಯಾಲೆ ಮಡ್ಗುದ್ರು,” ಎಂದು ಗುರುಬಸಮ್ಮ ದನಿ ತಗ್ಗಿಸುತ್ತಾರೆ. ಇಷ್ಟು ಹೊತ್ತು ನಗಿಸುತ್ತಿದ್ದವರ ಮುಖ ಈಗ ಬೇರೆ. “ನಾನೇ ಮೊದ್ಲು ಬಾಯ್ ಬುಟ್ಟಿದ್ದು, ಕೂತಂಗೇ ಓದ್ರು ಅಂತ. ತಪ್ಪು ನಂದು. ಆದ್ರೆ ಅದ್ನ ಒತ್ಕೊಂಡ್ ತಿರುಗ್ತಿರೋರು ಇವ್ರು. ರಾತ್ರಿ ಎದ್ ಕೂತ್ಕತಾರೆ. ಏನ್ ಮಾಡ್ತೀರಿ ಅಂದ್ರೆ, ಏಳೋ ಸದ್ದು ಎಂಗಿರ್ತದೆ ಗುರುಬಸಿ ಅಂತಾರೆ.”

ಮಾದಯ್ಯನಿಗೆ ಬೇಕಾಗಿರುವುದು ಒಂದೇ. ಊರಿನೆಲ್ಲರ ಮುಂದೆ ತಾನೇ ಕೂರಿಸಿದವನನ್ನು ಊರಿನೆಲ್ಲರ ಮುಂದೆ ತಾನೇ ಎಬ್ಬಿಸಬೇಕು. ಅದಕ್ಕೆ ಒಂದು ಭಾನುವಾರ ಬೇಕು. ಸಮಯವೋ ಇಲ್ಲ. ರುದ್ರೇಶನ ಕೇಬಲ್ ಈ ತಿಂಗಳ ಕೊನೆಗೆ ಮೈಸೂರಿನ ದೊಡ್ಡ ಕಂಪನಿಯೊಂದಕ್ಕೆ ಸೇರುತ್ತಿದೆ. ಅಲ್ಲಿಗೆ ಲೋಕಲ್ ಚಾನೆಲ್ ಬಂದ್.

ರುದ್ರೇಶನಿಗೆ ಡಿ.ವಿ.ಡಿ. ಸಿಕ್ಕಿದ ಸಂಭ್ರಮ. “ಒರಿಜಿನಲ್ ಸೌಂಡೇ ಬಂದ್ಮೇಲೆ ದಿಂಡು ಯಾಕೆ ಮಾದಣ್ಣ? ನೀವೂ ಒಂದಿನ ಆರಾಮಾಗಿ ಮನೇಲಿ ಕೂತು ನೋಡಿ,” ಎಂದರು. ಫೆಬ್ರವರಿಯ ಮೊದಲ ಭಾನುವಾರ ಜಪಾನಿನ ಸದ್ದಿನೊಡನೆಯೇ ಚಿತ್ರ ಹಾಕಿದರು. ಇಪ್ಪತ್ತು ನಿಮಿಷವಾಗಿತ್ತು, ಮೊದಲ ಕಾದಾಟ ಆಗಷ್ಟೇ ಮುಗಿದಿತ್ತು, ಕರೆಂಟು ಹೋಯಿತು. ಸಂಜೆಯವರೆಗೂ ಬರಲಿಲ್ಲ. ಆದರೆ ಆ ಇಪ್ಪತ್ತು ನಿಮಿಷಕ್ಕೇ ರುದ್ರೇಶನ ಫೋನು ಬಿಸಿಯಾಗಿ, ಅದರ ಮೇಲೆ ದೋಸೆ ಹುಯ್ಯಬಹುದಾಗಿತ್ತು.

“ಏನ್ರೀ ಇದು ಡೂಪ್ಲಿಕೇಟ್ ಸೌಂಡ್ ಹಾಕಿದ್ದೀರಿ? ಕತ್ತಿ ಹೊಡೆದ್ರೆ ಟಿಣ್ ಅಂತದೆ! ನಮ್ ಒರಿಜಿನಲ್ ಸೌಂಡ್ ಹಾಕ್ರೀ!”

ಅರವತ್ತು ಜನ ಹೀಗೆ ಬೈದರು. ಮಾದಯ್ಯ ಮಾತ್ರ ಜಪಾನಿನವರ ಪರ. “ಚೆನ್ನಾಗ್ ಮಾಡವ್ರೆ ಸಾ ಅವ್ರೂವೆ. ಮಳೇದು ನಂಗಿಂತ ಚೆಂದ. ಕತ್ತಿ ಮಾತ್ರ ಸ್ವಲ್ಪ ತೆಳ್ಳಗದೆ. ಪಾಪ, ಅವ್ರಿಗೆ ರಸಬಾಳೆ ಎಲ್ಲಿ ಸಿಗ್ಬೇಕು?”

ಬೈಸಿಕೊಂಡ ರುದ್ರೇಶ್ ಮಾದಯ್ಯನ ಮನೆಗೆ ಬಂದು ಜಗಲಿಯ ಮೇಲೆ ಕೂತರು. ಇನ್ನೊಂದು ಭಾನುವಾರ, ಕೊನೆಯದು. ಚಿತ್ರ ಡಿ.ವಿ.ಡಿ.ಯದ್ದು, ಸದ್ದು ಮಾದಯ್ಯನದ್ದು. ಹಾಗೆ ಮಾತಾಯಿತು.

ಭಾನುವಾರ. ಹತ್ತಕ್ಕೆ ಹತ್ತು ನಿಮಿಷ. ಕಂಟ್ರೋಲ್ ರೂಮು ಎಂದರೆ ಅರಮನೆಯ ದರ್ಬಾರ್ ಹಾಲಿನಷ್ಟು ದೊಡ್ಡದು ಎಂದು ಬರೆಯಲು ನನ್ನ ಕೈ ತುಡಿಯುತ್ತಿದೆ. ಆದರೆ ಮೂವರು ಕೂತರೆ ನಾಲ್ಕನೆಯವರು ಉಸಿರನ್ನು ಬಾಗಿಲ ಹೊರಗೆ ಬಿಡಬೇಕು. ಗೋಣಿತಾಟಿನ ಮೇಲೆ ಇಪ್ಪತ್ತೆರಡು ದಿಂಡು, ಕಬ್ಬು, ಕುಡುಗೋಲು, ಗುಳ, ಬಿಂದಿಗೆ, ಮೊರ, ಬೀಸುವ ಕಲ್ಲು, ಪಾವು, ಸೋಡಾ. ಮೂಲೆಯಲ್ಲಿ ಗುರುಬಸಮ್ಮ. ಅವರ ಮಡಿಲಲ್ಲಿ ಬಟ್ಟೆ ಸುತ್ತಿದ ಶಂಖ.

“ಅದ್ಯಾಕೆ ತಂದೆ?” ಎನ್ನುತ್ತಾರೆ ಮಾದಯ್ಯ.

“ಅದೂ ನೋಡ್ಲಿ ಅಂತ.”

“ಏಳೋ ಸದ್ದು ಸಿಕ್ತಾ ಮಾದಣ್ಣ?” ಎಂದು ರುದ್ರೇಶ್ ಮೈಕಿನ ವೈರ್ ಸರಿಮಾಡುತ್ತಾ ಕೇಳುತ್ತಾರೆ.

“ಇಲ್ಲ ಕಣಪ್ಪ. ಬೆತ್ತದ್ ಬುಟ್ಟಿ ಕಿರುಗುಟ್ಸಿ ನೋಡ್ದೆ. ಬಾಗ್ಲು ತೆಗ್ದು ನೋಡ್ದೆ. ಯಾವ್ದೂ ಮನ್ಸ ಎದ್ದಂಗಿಲ್ಲ.”

ಹತ್ತು ಗಂಟೆ. ಚಿತ್ರ ಶುರುವಾಗುತ್ತದೆ. ನಾನು ಬಹಳ ಯುದ್ಧಗಳನ್ನು ಕಂಡವನು, ಟಿಕೆಟ್ ಕೊಟ್ಟೂ ಕೊಡದೆಯೂ. ಆದರೆ ಮೇಲೇಳದ ಬಲಭುಜವನ್ನು ಎಡಗೈಯಿಂದ ಎತ್ತಿ ಕೊಟ್ಟು, ಕಣ್ಣನ್ನು ಪರದೆಯಿಂದ ಕೀಳದೆ, ಒಬ್ಬ ಎಲೆ ಮಾರುವವನು ಕಾದಾಡುವುದನ್ನು ಈವರೆಗೆ ಕಂಡಿರಲಿಲ್ಲ. ಕುಡುಗೋಲು ಗುಳಕ್ಕೆ ತಾಗಿದಾಗ ಕಿಡಿ ನಿಜವಾಗಿಯೂ ಹಾರುತ್ತದೆ. ಮಳೆಹನಿ ಹೋಳಾಗುವ ಕಡೆ ಅವರು ಒದ್ದೆ ಎಲೆಯನ್ನು ಸೀಳುತ್ತಾರೆ. ಆ ಸದ್ದಿಗೆ ರುದ್ರೇಶನ ತೋಳಿನ ಮೇಲೆ ಕೂದಲು ಎದ್ದು ನಿಲ್ಲುತ್ತದೆ. ಸೇತುವೆಯ ಮೇಲೆ ಎಂಬತ್ತೊಂದು. ನಾನು ಎಣಿಸಿದೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ದಿಂಡಿನ ನೀರಿನಲ್ಲಿ ಮಾದಯ್ಯನ ಅಂಗಿ ಎದೆಯವರೆಗೂ ನೆಂದು ಅಂಟಿಕೊಂಡಿದೆ. ಕೋಣೆಯಲ್ಲೆಲ್ಲ ಹಸಿ ಬಾಳೆಯ ವಾಸನೆ.

ಕೊನೆಯ ಶತ್ರು. ಮಾದಯ್ಯ ರಸಬಾಳೆಯ ದಿಂಡನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಜುಟ್ಟಿನಯ್ಯನ ಕತ್ತಿ ಮೇಲೇಳುತ್ತದೆ, ಮಾದಯ್ಯನ ಮಚ್ಚು ಮೇಲೇಳುತ್ತದೆ.

ಚಪ್.

ಇನ್ನೂರ ಹದಿನಾಲ್ಕು.

ಜುಟ್ಟಿನಯ್ಯ ಮರದ ಬುಡಕ್ಕೆ ಬಂದು ಕೂರುತ್ತಾನೆ. ಕಣ್ಣು ಮುಚ್ಚುತ್ತಾನೆ. ಬೆಳ್ಳಗೆ ಬೀಳತೊಡಗುತ್ತದೆ. ಒಂಬತ್ತು ವರ್ಷ ಶಂಖ ಮೊಳಗುತ್ತಿದ್ದ ಜಾಗ ಇದು. ಗುರುಬಸಮ್ಮನ ಕೈ ಮಡಿಲ ಗಂಟಿನ ಮೇಲೆ ಬಿಗಿಯಾಗುತ್ತದೆ. ಮಾದಯ್ಯನ ಮೈಯೂ ಅಭ್ಯಾಸಬಲದಿಂದ ಎದೆ ತುಂಬ ಉಸಿರೆಳೆದುಕೊಂಡಿದೆ. ಎಳೆದ ಉಸಿರನ್ನು ಎಲ್ಲಿಡಬೇಕೋ ತಿಳಿಯದೆ ಅವರು ಹಾಗೇ ಹಿಡಿದಿದ್ದಾರೆ. ಪರದೆಯ ಮೇಲೆ ಹಿಮ ಬೀಳುತ್ತಲೇ ಇದೆ. ಮೈಕಿನಲ್ಲಿ ಸದ್ದಿಲ್ಲ. ಇಡೀ ನಂಜನಗೂಡಿನಲ್ಲಿ ಸದ್ದಿಲ್ಲ.

ಜುಟ್ಟಿನಯ್ಯ ಕಣ್ಣು ತೆರೆಯುತ್ತಾನೆ.

ಮಂಡಿಯ ಮೇಲೆ ಕೈ ಊರುತ್ತಾನೆ. ಕೆಳಗೆ ಗೋಣಿತಾಟಿನ ಮೇಲೆ ಮಾದಯ್ಯನೂ ಮಂಡಿಯ ಮೇಲೆ ಕೈ ಊರುತ್ತಾರೆ. ಬುಟ್ಟಿಯನ್ನು ಮುಟ್ಟಲಿಲ್ಲ, ಮೊರವನ್ನು ಮುಟ್ಟಲಿಲ್ಲ. ಒಂದು ಗಂಟೆ ಮೂವತ್ತೆಂಟು ನಿಮಿಷ ಕೂತ ಮುದಿ ಮಂಡಿ ‘ಲಟಕ್’ ಎಂದು ನೆಟಿಗೆ ಮುರಿಯುತ್ತದೆ. ಹಿಡಿದಿಟ್ಟ ಅಷ್ಟೂ ಉಸಿರು, ಈ ಊರಿನಲ್ಲಿ ನೆಲದಿಂದ ಏಳುವ ಪ್ರತಿಯೊಬ್ಬ ಮನುಷ್ಯನ ಬಾಯಿಂದ ಬರುವ ಹಾಗೆಯೇ ಬರುತ್ತದೆ.

“ಅಪ್ಪಾ… ನಂಜುಂಡಾ…”

ಜುಟ್ಟಿನಯ್ಯ ಎದ್ದು ನಿಂತಿದ್ದಾನೆ. ಮಾದಯ್ಯನೂ ನಿಂತಿದ್ದಾರೆ. ಅವನು ಹೆಗಲ ಮೇಲಿನ ಹಿಮ ಒದರುತ್ತಾನೆ. ಮಾದಯ್ಯ ಹೆಗಲ ಮೇಲಿನ ಒದ್ದೆ ಟವೆಲ್ಲನ್ನು ಎರಡು ಸಲ ಒದರುತ್ತಾರೆ. ಆಮೇಲೆ ನಿಂತಲ್ಲೇ, ಬರಿಗಾಲಲ್ಲಿ, ಗೋಣಿತಾಟಿನ ಮೇಲೆ ಮೆಲ್ಲಗೆ ಹೆಜ್ಜೆ ಹಾಕುತ್ತಾರೆ. ಜುಟ್ಟಿನಯ್ಯ ದೂರವಾಗಿ ಚುಕ್ಕೆಯಾಗುವವರೆಗೆ.

ರುದ್ರೇಶ್ ಮೈಕ್ ಆರಿಸಿ ಆ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಾರೆ. ಗುರುಬಸಮ್ಮ ಬಟ್ಟೆ ಬಿಚ್ಚಿ ಶಂಖವನ್ನು ಗಂಡನ ಕೈಗಿಡುತ್ತಾರೆ. ಮಾದಯ್ಯ ಅದನ್ನು ತಿರುಗಿಸಿ ನೋಡಿ, ಹೆಂಡತಿಯ ಸೆರಗಿನ ತುದಿಯಿಂದ ಅದರ ಬಾಯನ್ನು ಒರೆಸಿ, “ಮನೇಲಿ ಗೂಟಕ್ಕೆ ನೇತಾಕು. ಅಟ್ಟ ಬ್ಯಾಡ. ಇನ್ ಯಾವಾಗ್ ಬೇಕಾಯ್ತದೋ,” ಅನ್ನುತ್ತಾರೆ.

ಅಷ್ಟರಲ್ಲಿ ಫೋನು. ರುದ್ರೇಶ್ ಎತ್ತಿ, ಕೇಳಿ, ರಿಸೀವರನ್ನು ಮಾದಯ್ಯನ ಕಿವಿಗೆ ಹಿಡಿಯುತ್ತಾರೆ. ಚಂಪಕ ಟೀಚರ್ ದನಿ ನಮಗೆಲ್ಲ ಕೇಳುವಷ್ಟು ದೊಡ್ಡದು.

“ರುದ್ರೇಶ, ಬಚ್ಚಲೊಲೆ ಹಚ್ಚಿ ಆಗಿದೆ ಕಣಪ್ಪ. ಇವತ್ತು ಶಂಖಾನೇ ಕೇಳಿಸ್ಲಿಲ್ವಲ್ಲ. ನಾನು ಸ್ನಾನ ಮಾಡಬೇಕೋ, ಬೇಡವೋ?”

“ಬ್ಯಾಡಿ ಟೀಚರಮ್ಮೋರೆ. ಎದ್ದವ್ರೆ.”

“ಯಾರು ಮಾತಾಡೋದು? ಎಲೆ ಮಾದಯ್ಯನ ದನಿ ಇದ್ದ ಹಾಗಿದೆ. ನೀನ್ಯಾಕೋ ಅಲ್ಲಿ?”

“ರುದ್ರೇಸಪ್ನೋರ್ಗೆ ಎಲೆ ಕೊಡಾಣ ಅಂತ ಬಂದಿದ್ದೆ ಕಣಮ್ಮೋರೆ.”

“ಅವನು ಎದ್ದದ್ದು ನಿಜಾನಾ? ನಂಗೆ ಕಣ್ಣು ಮಂಜು, ಪೊರೆ ಬೇರೆ. ನೀನು ಸರಿಯಾಗಿ ನೋಡಿದೆಯೇನೋ?”

ಮಾದಯ್ಯ ಮಂಡಿ ಸವರಿಕೊಳ್ಳುತ್ತಾರೆ.

“ನೋಡ್ದೆ ಕಣಮ್ಮೋರೆ. ಪಕ್ಕದಲ್ಲೇ ಇದ್ನಲ್ಲಾ.”